ಟೂರಿಗೆ ಯಾವುದು: ಒಲಿಂಪಸ್ ಮ್ಯೂ 2 ಅಥವಾ ಮಾವನ ಹಳೇ ಕ್ಯಾನನೆಟ್?

ಸಂಜೆಬಿಸಿಲು:
ಡಿಸೆಂಬರ್ ಕೊನೆಗೆ ಒಂಬತ್ತು ದಿನದ ಟೂರ್ ಹೊರಟಿದ್ದೇವೆ. ಬೀದರ್, ಕಲಬುರಗಿ, ವಿಜಯಪುರ, ಬಾದಾಮಿ, ಕಡೆಗೆ ಹಂಪಿ. ಜೊತೆಗೆ ಅಮ್ಮ ಮತ್ತು ಏಳು ವರ್ಷದ ಮಗಳು. ಒಬ್ಬರಿಗೆ ಮಂಡಿನೋವು, ಇನ್ನೊಬ್ಬಳು ನಿಂತಲ್ಲಿ ನಿಲ್ಲುವವಳಲ್ಲ. ಹಾಗಾಗಿ ಬ್ಯಾಗ್ ಹಗುರ ಇರಬೇಕು, ಕ್ಯಾಮೆರಾ ಒಂದೇ. ಫಿಲ್ಮ್‌ನಲ್ಲೇ ತೆಗೆಯುವುದು ಅಂತ ತೀರ್ಮಾನ ಆಗಿದೆ. "ಫೋನ್ ಇದೆಯಲ್ಲ" ಅನ್ನುವವರಿಗೆ ಈಗಲೇ ಕೈಮುಗಿದೆ.

ಒಂದು ಕಡೆ ಸೋದರಮಾವ ಮಸ್ಕತ್‌ನಿಂದ ತಂದಿದ್ದ ಕ್ಯಾನನೆಟ್ ಕ್ಯೂಎಲ್ 17 ಜಿ 3. ರೇಂಜ್‌ಫೈಂಡರ್, ಅಂದರೆ ಕಿಂಡಿಯಲ್ಲಿ ಕಾಣುವ ಎರಡು ಬಿಂಬವನ್ನು ಕೈಯಲ್ಲೇ ತಿರುಗಿಸಿ ಒಂದು ಮಾಡಿ ಫೋಕಸ್ ಮಾಡುವಂಥದ್ದು. 40 ಎಂಎಂ ಲೆನ್ಸು, ಎಫ್ 1.7 (ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸು ಹೆಚ್ಚು ಬೆಳಕು ಒಳಗೆ ಬಿಡುತ್ತದೆ). ಮಾವ ತೀರಿಕೊಂಡ ಮೇಲೆ ಹತ್ತು ವರ್ಷ ಬೀರುವಿನಲ್ಲಿತ್ತು, ಈಚೆಗೆ ಅತ್ತೆ ನನಗೆ ಕೊಟ್ಟರು. ಎರಡು ರೋಲು ಮನೆ ಸುತ್ತಮುತ್ತ ತೆಗೆದಿದ್ದೇನೆ. ತುಳಸಿಕಟ್ಟೆ, ಬೆಕ್ಕು, ಪಕ್ಕದ ಮನೆ ಅಜ್ಜಿ ಎಲ್ಲ ಚೆನ್ನಾಗಿ ಬಂದಿವೆ. ಮಗಳು ಮಾತ್ರ ಒಂದರಲ್ಲೂ ನೆಟ್ಟಗೆ ಬಂದಿಲ್ಲ.

ಇನ್ನೊಂದು ಕಡೆ ಆಫೀಸಿನ ಗೆಳೆಯರೊಬ್ಬರು ಮಾರುತ್ತಿರುವ ಒಲಿಂಪಸ್ ಮ್ಯೂ 2. ಆಟೋಫೋಕಸ್, 35 ಎಂಎಂ, ಎಫ್ 2.8. ಅಂಗೈಯಲ್ಲಿ ಸಾಬೂನಿನಷ್ಟೇ ಇದೆ. ಹದಿನೆಂಟು ಸಾವಿರ ಹೇಳುತ್ತಿದ್ದಾರೆ. ಮನಸ್ಸು ಮಾವನ ಕ್ಯಾಮೆರಾ ಕಡೆ, ಬುದ್ಧಿ ಇದರ ಕಡೆ. ಏನು ಮಾಡಲಿ?

ಹಳೇ_ನೆಗೆಟಿವ್:
ಮೇಡಂ, ನಾನು ಇಪ್ಪತ್ತೆರಡು ವರ್ಷ ಸ್ಟುಡಿಯೋ ನಡೆಸಿದವನು. ಯಾವುದು ಅಂತ ಆಮೇಲೆ ನೋಡೋಣ. ಕ್ಯಾನನೆಟ್‌ನ ಆರೋಗ್ಯ ಮೊದಲು ನೋಡಿಕೊಳ್ಳಿ.

ಹಿಂಬಾಗಿಲು ತೆಗೆದು ಅಂಚಿನ ಕಪ್ಪು ಸ್ಪಂಜನ್ನು ಬೆರಳಲ್ಲಿ ಮುಟ್ಟಿ. ಕಾಕಂಬಿ ತರಹ ಅಂಟಿದರೆ ಬೆಳಕು ಸೋರುತ್ತದೆ, ಬದಲಾಯಿಸಲೇಬೇಕು. ಆಮೇಲೆ ದೂರದ ಮೊಬೈಲ್ ಟವರ್ ನೋಡುತ್ತಾ ಫೋಕಸ್ಸನ್ನು ಅನಂತಕ್ಕೆ ತಿರುಗಿಸಿ. ನಡುವಿನ ಹಳದಿ ಚೌಕದಲ್ಲಿ ಎರಡು ಟವರು ಸೇರಿ ಒಂದಾಗಬೇಕು. ಆಗಲಿಲ್ಲ ಅಂದರೆ ರಿಪೇರಿಯವರ ಹತ್ತಿರ ಹೋಗಬೇಕು.

ಇನ್ನು ಬ್ಯಾಟರಿ. ಅದಕ್ಕೆ ಬೇಕಾಗಿದ್ದು 1.35 ವೋಲ್ಟಿನ ಪಾದರಸದ ಸೆಲ್ಲು, ಅದು ಈಗ ಸಿಗುವುದಿಲ್ಲ. ಅದೇ ಅಳತೆಯ 1.5 ವೋಲ್ಟಿನ ಸೆಲ್ಲು ಹಾಕಿದರೆ ಮೀಟರು ಸುಳ್ಳು ಹೇಳುತ್ತದೆ. ಕಿವಿ ಯಂತ್ರಕ್ಕೆ ಹಾಕುವ 675 ನಂಬರಿನ ಸೆಲ್ಲು ತನ್ನಿ, ಅದರದು 1.4 ವೋಲ್ಟ್. ಅಗಲ ಸ್ವಲ್ಪ ಕಮ್ಮಿ, ಸುತ್ತ ಒಂದು ರಬ್ಬರ್ ವಾಷರ್ ಕೂರಿಸಿದರೆ ಅಲುಗಾಡುವುದಿಲ್ಲ. ಸ್ಟಿಕ್ಕರ್ ಕಿತ್ತ ಮೇಲೆ ಗಾಳಿ ತಾಗಿ ಅದು ತಾನೇ ಖಾಲಿಯಾಗುತ್ತಾ ಹೋಗುತ್ತದೆ, ಹೊರಡುವ ದಿನವೇ ಕೀಳಿ.

ಬ್ಯಾಟರಿ ಸತ್ತರೂ ಕ್ಯಾನನೆಟ್ ನಿಲ್ಲುವುದಿಲ್ಲ ಅನ್ನುವುದು ಅದರ ದೊಡ್ಡ ಗುಣ. ಬೆಳಕು ಅಳೆಯುವ ಮೀಟರು ಮಾತ್ರ ಹೋಗುತ್ತದೆ, ಮ್ಯಾನುಯಲ್‌ಗೆ ಹಾಕಿದರೆ ಷಟರು ನಡೆಯುತ್ತಲೇ ಇರುತ್ತದೆ. ಮ್ಯೂ 2ಗೆ ಸೆಲ್ಲು ಹೋಯಿತೋ, ಅದು ನಿಜವಾಗಿಯೂ ಸಾಬೂನೇ.

ಗುಬ್ಬಚ್ಚಿ_ಗೂಡು:
ಏಳು ವರ್ಷದ ಮಗು ಜೊತೆಗಿದೆ ಅಂತ ಬರೆದ ಮೇಲೆ ಇನ್ನೇನು ಚರ್ಚೆ? ಆಟೋಫೋಕಸ್ ತಗೊಳ್ಳಿ ಅಕ್ಕ.

ನನ್ನ ಮಗನ ಮೂರನೇ ಹುಟ್ಟುಹಬ್ಬಕ್ಕೆ ನಾನೂ ಶೋಕಿ ಮಾಡಿ ರೇಂಜ್‌ಫೈಂಡರ್ ಹಿಡಿದಿದ್ದೆ. ಹಳದಿ ಚೌಕದಲ್ಲಿ ಅವನ ಎರಡು ಮೂಗು ಒಂದಾಗುವಷ್ಟರಲ್ಲಿ ಅವನು ಅಡುಗೆಮನೆಯಲ್ಲಿರುತ್ತಿದ್ದ. ಮೂವತ್ತಾರರಲ್ಲಿ ಇಪ್ಪತ್ತರಲ್ಲಿ ಹಿಂದಿನ ಗೋಡೆಯ ಕ್ಯಾಲೆಂಡರ್ ಸ್ಪಷ್ಟ. ತಾರೀಕು ಓದಬಹುದು, ಮಗುವಿನ ಮುಖ ಕಾಣುವುದಿಲ್ಲ.

ತೂಕವನ್ನೂ ನೋಡಿ. ಕ್ಯಾನನೆಟ್ 620 ಗ್ರಾಂ. ಮ್ಯೂ 2 ಬ್ಯಾಟರಿ ಬಿಟ್ಟು 135. ಹನಿ ನೀರಿಗೆ ಹೆದರುವುದಿಲ್ಲ, ಹಂಪಿಯಲ್ಲಿ ತೆಪ್ಪ ಹತ್ತುತ್ತೀರಲ್ವಾ? ಲೆನ್ಸಿನ ಮುಂದಿನ ಚಿಪ್ಪಿನಂಥ ಮುಚ್ಚಳ ಸರಿಸಿದರೆ ಆನ್, ಮುಚ್ಚಿದರೆ ಆಫ್. ಅಮ್ಮನ ಕೈ ಒಂದು ಕೈಯಲ್ಲಿ, ಮಗಳ ಕೈ ಇನ್ನೊಂದರಲ್ಲಿ ಇರುವಾಗ ಮೂರನೇ ಕೈ ಎಲ್ಲಿಂದ ತರುತ್ತೀರಿ?

ಸಂಜೆಬಿಸಿಲು:
ಕ್ಯಾಲೆಂಡರ್ ಕಥೆ ಓದಿ ನಗು ತಡೆಯಲಾಗಲಿಲ್ಲ. ನನ್ನದರಲ್ಲಿ ಗ್ಯಾಸ್ ಸಿಲಿಂಡರ್ ಸ್ಪಷ್ಟವಾಗಿದೆ.

ಹಳೇ_ನೆಗೆಟಿವ್ ಸರ್, ಸ್ಪಂಜು ಅಂಟುತ್ತಿದೆ. ರಿಪೇರಿಗೆ ಕೊಡುತ್ತೇನೆ. ಟವರು ಸರಿಯಾಗಿ ಕೂಡುತ್ತಿದೆ.

ಕೋಟೆಬಾಗಿಲು:
ನಾನು ಬೀದರಿನವನು. ನಮ್ಮೂರಿಗೆ ಬರುತ್ತಿದ್ದೀರಿ, ಹಾಗಾಗಿ ಬೆಳಕಿನ ಬಗ್ಗೆ ಎರಡು ಮಾತು.

ಬಿದ್ರಿ ಕೆಲಸದ ಅಂಗಡಿಗೆ ಹೋಗೇ ಹೋಗುತ್ತೀರಿ. ಕಪ್ಪು ಲೋಹದ ಮೇಲೆ ಬೆಳ್ಳಿ ತಂತಿ ಕೂರಿಸುವ ಕೆಲಸ. ಕೆಲಸಗಾರ ನೆಲದ ಮೇಲೆ ಕೂತು, ಉಳಿ ಹಿಡಿದು, ಕಿಟಕಿಯ ಬೆಳಕಲ್ಲೇ ಮಾಡುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿದ ಬಿಸಿ ನೀರಲ್ಲಿ ಅದ್ದುತ್ತಾರೆ. ಲೋಹ ಕಾಡಿಗೆ ಹಾಗೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಹೊಳಪು ಪಕ್ಕದ ಬೆಳಕಿಂದ ಮಾತ್ರ ಚಂದ. ನೇರ ಫ್ಲ್ಯಾಶ್ ಬಿತ್ತೋ, ಬೆಳ್ಳಿಯೆಲ್ಲ ಸುಟ್ಟ ಬಿಳಿ ಕಲೆ. ಮ್ಯೂ 2ನಲ್ಲಿ ಫ್ಲ್ಯಾಶ್ ಆಫ್ ಮಾಡಿದ್ದರೂ ಚಿಪ್ಪು ಮುಚ್ಚಿ ತೆರೆದರೆ ಮತ್ತೆ ಆಟೋಗೆ ಹೋಗುತ್ತದೆ. ಪ್ರತಿ ಸಲ ಆಫ್ ಮಾಡಬೇಕು. ಒಂದು ಸಲ ಮರೆಯುತ್ತೀರಿ, ಅದೇ ಒಳ್ಳೆಯ ಫ್ರೇಮ್ ಆಗಿರುತ್ತದೆ.

ಕಲಬುರಗಿ ಕೋಟೆಯ ಜಾಮಿ ಮಸೀದಿಯೂ ಹಾಗೆಯೇ. 1367ರದ್ದು. ಬೇರೆ ಮಸೀದಿಗಳ ಹಾಗೆ ತೆರೆದ ಅಂಗಳ ಇಲ್ಲ, ಇಡೀ ಜಾಗಕ್ಕೆ ಮಾಡು ಇದೆ. ಕಮಾನಿನೊಳಗೆ ಕಮಾನು, ಒಳಗೆ ತಂಪು ಕತ್ತಲೆ. ಎಫ್ 1.7 ಅಲ್ಲಿ ಕೆಲಸಕ್ಕೆ ಬರುತ್ತದೆ. ಇದರಲ್ಲಿ ಮೂವತ್ತನೇ ಒಂದು ಸೆಕೆಂಡು ಸಾಕಾಗುವ ಕಡೆ ಎಫ್ 2.8ಕ್ಕೆ ಹತ್ತನೇ ಒಂದು ಬೇಕು. ಅಷ್ಟು ಹೊತ್ತು ಕೈ ನಡುಗದೆ ಹಿಡಿಯುವವರು ಕಮ್ಮಿ. ಟ್ರೈಪಾಡ್ ಇಡೋಣ ಅಂದರೆ ಪುರಾತತ್ವ ಇಲಾಖೆಯ ಜಾಗಗಳಲ್ಲಿ ಅನುಮತಿ ಬೇಕು.

ಕೆಂಪುಚುಕ್ಕಿ:
ಎರಡೂ ಬೇಡ, ಲೈಕಾ ಎಂ 6 ನೋಡಿ, ಅದೂ ರೇಂಜ್‌ಫೈಂಡರೇ. 1984ರಲ್ಲಿ ಬಂದಿದ್ದು, 2022ರಲ್ಲಿ ಮತ್ತೆ ತಯಾರಿಸಲು ಶುರು ಮಾಡಿದರು. ಅದರ ವ್ಯೂಫೈಂಡರ್ ಒಮ್ಮೆ ನೋಡಿದವರು ಬೇರೆಯದನ್ನು ಕಣ್ಣಿಗೆ ಹಚ್ಚುವುದಿಲ್ಲ. ಫ್ರೇಮಿನ ಆಚೆ ಏನು ಬರುತ್ತಿದೆ ಅಂತಲೂ ಕಾಣುತ್ತದೆ. ಮಗು ಓಡಿ ಒಳಗೆ ಬರುವುದು ಮೊದಲೇ ಗೊತ್ತಾಗುತ್ತದೆ.

ಗುಬ್ಬಚ್ಚಿ_ಗೂಡು:
@ಕೆಂಪುಚುಕ್ಕಿ ಸರಿ ಸರ್, ನೀವು ದುಡ್ಡು ಕಳಿಸಿ, ಅಕ್ಕ ನೋಡುತ್ತಾರೆ.

ಕೆಂಪುಚುಕ್ಕಿ:
ಹ್ಹಹ್ಹ. ಒಪ್ಪಿದೆ. ಆದರೆ ಫ್ರೇಮಿನ ಆಚೆ ಕಾಣುವುದು ಕ್ಯಾನನೆಟ್‌ಗೂ ಅನ್ವಯಿಸುತ್ತದೆ. ಹತ್ತಿರದ ವಸ್ತುವಿಗೆ ಅದರ ಫ್ರೇಮ್ ಗೆರೆ ಕೂಡ ಸರಿಯುತ್ತದೆ.

ಇನ್ನೊಂದು ಕಿವಿಮಾತು. ರೇಂಜ್‌ಫೈಂಡರಿನ ಎರಡು ಬಿಂಬ ಅಡ್ಡಡ್ಡ ಸರಿಯುತ್ತವೆ. ಹಾಗಾಗಿ ಫೋಕಸ್‌ಗೆ ನಿಂತ ಗೆರೆ ಹುಡುಕಿ. ಕಂಬದ ಅಂಚು, ಬಾಗಿಲ ಚೌಕಟ್ಟು, ಸೀರೆಯ ನೆರಿಗೆ. ಮೆಟ್ಟಿಲಿನ ಅಂಚು ಹಿಡಿದರೆ ಎರಡು ಬಿಂಬ ಒಂದಾಯಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಬಾದಾಮಿ, ಹಂಪಿಯಲ್ಲಿ ಕಂಬಗಳಿಗೇನು ಬರ ಇಲ್ಲ.

ಹಳೇ_ನೆಗೆಟಿವ್:
ಓಡುವ ಮಗುವಿಗೆ ಫೋಕಸ್ ಮಾಡಲು ಹೋಗಬೇಡಿ, ಮೊದಲೇ ಮಾಡಿಡಿ. ಹಳೇ ಕಾಲದ ಪತ್ರಿಕಾ ಫೋಟೋಗ್ರಾಫರುಗಳು ಹೀಗೇ ತೆಗೆಯುತ್ತಿದ್ದರು.

400ರ ಫಿಲ್ಮ್ ಹಾಕಿ. ಡಿಸೆಂಬರ್ ಬಿಸಿಲಿಗೆ ಷಟರು 500 (ಅಂದರೆ ಐನೂರನೇ ಒಂದು ಸೆಕೆಂಡು), ಅಪರ್ಚರ್, ಅಂದರೆ ಲೆನ್ಸಿನ ತೆರಪು, ಎಫ್ 11. ಫೋಕಸ್ ಮೂರು ಮೀಟರಿಗೆ ಇಟ್ಟು ಮರೆತುಬಿಡಿ. 40 ಎಂಎಂ ಲೆನ್ಸಿಗೆ ಹೆಚ್ಚುಕಮ್ಮಿ 1.85 ಮೀಟರಿಂದ ಎಂಟು ಮೀಟರ್ ತನಕ ಎಲ್ಲ ಸ್ಪಷ್ಟ ಬರುತ್ತದೆ. ಎಫ್ 8 ಆದರೆ ಎರಡರಿಂದ ಐದೂವರೆ. ಮಗಳು ಆ ಅಂತರದಲ್ಲಿ ಕುಣಿಯಲಿ, ಬೀಳಲಿ, ಏಳಲಿ, ನೀವು ಬಟನ್ ಒತ್ತಿದರೆ ಸಾಕು. ಯಾವ ಆಟೋಫೋಕಸ್ಸೂ ಇದಕ್ಕಿಂತ ಬೇಗ ಆಗಲ್ಲ, ಯಾಕೆಂದರೆ ಇಲ್ಲಿ ಫೋಕಸ್ ಮಾಡುವ ಕೆಲಸವೇ ಇಲ್ಲ.

ಮೂರು ಮೀಟರ್ ಅಂದರೆ ಎಷ್ಟು ಅಂತ ಕಣ್ಣಿಗೆ ರೂಢಿ ಆಗಬೇಕು. ಮನೆಯ ಹಾಲ್‌ನಲ್ಲಿ ಟೇಪು ಹಿಡಿದು ಅಳೆಯಿರಿ. ನನ್ನ ಗುರುಗಳು ಎರಡು ಆಳುದ್ದ ಅನ್ನುತ್ತಿದ್ದರು. ಅವರು ಆರಡಿ ಇದ್ದರು, ನಾನು ಐದೂಕಾಲು. ಆ ಲೆಕ್ಕ ಹಿಡಿದು ನಾನು ಹಾಳುಮಾಡಿದ ರೋಲುಗಳ ಮಾತು ಬೇಡ.

ಗುಬ್ಬಚ್ಚಿ_ಗೂಡು:
ಸರ್, ಇದೆಲ್ಲ ಬಿಸಿಲಿನ ಮಾತು. ಗುಹೆಯೊಳಗೆ ಎಫ್ 11 ಎಲ್ಲಿಂದ ಬರುತ್ತದೆ? ಎಫ್ 1.7ಕ್ಕೆ ತೆರೆದು ಒಂದು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟ ಇರುವುದು ಬರೀ ಆರು ಸೆಂಟಿಮೀಟರ್. ಕಣ್ಣಿಗೆ ಫೋಕಸ್ ಮಾಡಿದರೆ ಕಿವಿ ಹೋಯಿತು.

ಹಳೇ_ನೆಗೆಟಿವ್:
ಸರಿಯಾದ ಮಾತು. ಕತ್ತಲಲ್ಲಿ ಓಡುವ ಮಗು ಕ್ಯಾನನೆಟ್‌ಗೆ ಸಿಗುವುದಿಲ್ಲ. ಮ್ಯೂ 2ಗೂ ಫ್ಲ್ಯಾಶ್ ಇಲ್ಲದೆ ಸಿಗುವುದಿಲ್ಲ.

ರೈಲುಕಿಟಕಿ:
ಕಾಂಪ್ಯಾಕ್ಟ್‌ಗಳ ಒಂದು ದೋಷ ಯಾರೂ ಹೇಳಲಿಲ್ಲ. ಇಂಥ ಹಳೇ ಆಟೋಫೋಕಸ್ ಹೆಚ್ಚಿನವು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ವಾಪಸ್ ಬರುವುದನ್ನು ಹಿಡಿದು ದೂರ ಅಳೆಯುತ್ತವೆ. ಎದುರಿಗೆ ಗಾಜು ಬಂದರೆ ಆ ಬೆಳಕು ಗಾಜಿಗೇ ತಾಗಿ ವಾಪಸ್ ಬರಬಹುದು. ಎಸಿ ಕೋಚಿನ ಕಿಟಕಿಯಿಂದ ನಾನು ತೆಗೆದ ಒಂದು ಇಡೀ ರೋಲಿನಲ್ಲಿ ಗಾಜಿನ ಮೇಲಿನ ಧೂಳು ಅದ್ಭುತವಾಗಿ ಬಂದಿದೆ. ಹೊಲ, ಗುಡ್ಡ ಎಲ್ಲ ಮಂಜು. ಸ್ಲೀಪರ್ ಕೋಚಿನಲ್ಲಿ ಕಿಟಕಿ ಎತ್ತಿ ತೆಗೆದರೆ ತೊಂದರೆ ಇಲ್ಲ.

ಇಬ್ಬರು ಪಕ್ಕಪಕ್ಕ ನಿಂತರೆ ನಡುವಿನ ಸಂದಿಯಿಂದ ಹಿಂದಿನ ಗೋಡೆಗೆ ಫೋಕಸ್ ಆಗುವುದೂ ಉಂಟು. ಒಬ್ಬರ ಮುಖಕ್ಕೆ ಹಿಡಿದು, ಬಟನ್ ಅರ್ಧ ಒತ್ತಿ, ಆಮೇಲೆ ಫ್ರೇಮ್ ಸರಿಮಾಡಿ ಪೂರ್ತಿ ಒತ್ತಬೇಕು. ಅಂದರೆ ಆಟೋಫೋಕಸ್‌ಗೂ ಕಲಿಕೆ ಇದೆ.

ಚಿಪ್ಪು_ಪ್ರಿಯ:
ಮಧ್ಯದ ದಾರಿ ಒಂದಿದೆ, ಒಲಿಂಪಸ್ ಎಕ್ಸ್‌ಎ. 1979ರದ್ದು, ಯೋಶಿಹಿಸಾ ಮೈತಾನಿ ಅವರ ವಿನ್ಯಾಸ. ಮ್ಯೂ ಹಾಗೆ ಚಿಪ್ಪಿನ ಮುಚ್ಚಳ, ಒಳಗೆ ಮಾತ್ರ ನಿಜವಾದ ರೇಂಜ್‌ಫೈಂಡರ್. ತೂಕ 225 ಗ್ರಾಂ. ಚೌಕ ಸ್ವಲ್ಪ ಮಸುಕು, ಷಟರು ಬಟನ್ ಮುಟ್ಟಿದರೆ ಸಾಕು ಅನ್ನುವಷ್ಟು ನಾಜೂಕು.

ಸಂಜೆಬಿಸಿಲು:
ಬೇಡಪ್ಪಾ, ಮೂರನೆಯದು ಬಂದರೆ ಟೂರೇ ಮುಗಿದುಹೋಗುತ್ತದೆ.

ರೈಲುಕಿಟಕಿ:
ಕ್ಯಾನನೆಟ್ ಒಯ್ದರೆ ಲೆನ್ಸ್ ಕ್ಯಾಪ್ ಜೋಪಾನ! ರೇಂಜ್‌ಫೈಂಡರಲ್ಲಿ ನೋಡುವುದು ಲೆನ್ಸಿನೊಳಗಿಂದ ಅಲ್ಲ, ಪಕ್ಕದ ಕಿಂಡಿಯಿಂದ. ಕ್ಯಾಪ್ ಹಾಕಿದ್ದರೂ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ತಂಗಿಯ ಮದುವೆಯಲ್ಲಿ ಧಾರೆಯಿಂದ ಆರತಕ್ಷತೆವರೆಗೆ ಕ್ಯಾಪ್ ಹಾಕಿಯೇ ತೆಗೆದೆ. ಮನೆಯಲ್ಲಿ ಈಗಲೂ ನನಗೆ "ಕತ್ತಲೆ ಫೋಟೋಗ್ರಾಫರ್" ಅಂತಲೇ ಹೆಸರು.

ಹಳೇ_ನೆಗೆಟಿವ್:
ಕ್ಯಾನನೆಟ್ ಆಟೋದಲ್ಲಿದ್ದರೆ ಈ ಗತಿ ಬರುವುದಿಲ್ಲ. ಮೀಟರಿನ ಕಣ್ಣು ಲೆನ್ಸಿನ ಸುತ್ತಿನ ರಿಂಗಿನೊಳಗೇ ಇದೆ. ಕ್ಯಾಪ್ ಹಾಕಿದರೆ ಅದಕ್ಕೂ ಕತ್ತಲೆ, ಷಟರು ಬಟನ್ ಒಳಗೆ ಹೋಗುವುದೇ ಇಲ್ಲ. ಮ್ಯಾನುಯಲ್‌ನಲ್ಲಿ ಮಾತ್ರ ದೇವರೇ ಗತಿ. ಕ್ಯಾಪ್ ಬದಲು 48 ಎಂಎಂನ ಒಂದು ಯುವಿ ಫಿಲ್ಟರ್ ಹಾಕಿಬಿಡಿ.

ಸಂಜೆಬಿಸಿಲು:
ಹೊಸ ಸುದ್ದಿ. ಗೆಳೆಯರು ಮ್ಯೂ 2 ಅನ್ನು ಒಂದು ಭಾನುವಾರಕ್ಕೆ ಕೊಟ್ಟಿದ್ದರು. ಲಾಲ್‌ಬಾಗಿಗೆ ಎರಡನ್ನೂ ಒಯ್ದು, ಬಂಡೆಯ ಮೇಲೆ ಮಗಳನ್ನು ಬಿಟ್ಟೆ. ರೋಲು, ತೊಳೆಸುವುದು, ಸ್ಕ್ಯಾನು ಸೇರಿ ಒಂದು ಕ್ಲಿಕ್ಕಿಗೆ ಐವತ್ತು ರೂಪಾಯಿ ಹತ್ತಿರ ಬೀಳುತ್ತದೆ, ಆದರೂ ತಲಾ ಒಂದು ರೋಲು ಮುಗಿಸಿದೆ.

ಮ್ಯೂನಲ್ಲಿ ಮೂವತ್ತಾರಕ್ಕೆ ಮೂವತ್ತೊಂದು ಸ್ಪಷ್ಟ. ಕ್ಯಾನನೆಟ್‌ನಲ್ಲಿ ಇಪ್ಪತ್ತೆರಡು, ಅದೂ ಮೂರು ಮೀಟರ್ ಉಪಾಯದಿಂದ. ಸಂಖ್ಯೆ ನೋಡಿದರೆ ತೀರ್ಪು ಆಗಿಹೋಯಿತು. ಆದರೆ ಒಂದು ವಿಚಿತ್ರ. ಮ್ಯೂನಲ್ಲಿ ಮಗಳು ಎಲ್ಲದರಲ್ಲೂ ನಡುಮಧ್ಯೆ ಇದ್ದಾಳೆ. ನಡುವಿನ ಗುರುತಿಗೆ ಅವಳನ್ನು ಹಿಡಿದು ಒತ್ತಿಬಿಟ್ಟಿದ್ದೇನೆ, ಅಷ್ಟೇ. ಕ್ಯಾನನೆಟ್‌ನಲ್ಲಿ ಫೋಕಸ್ ಚಿಂತೆ ಇರಲಿಲ್ಲವಲ್ಲ, ಅವಳು ಮೂಲೆಯಲ್ಲಿದ್ದಾಳೆ, ಅರ್ಧ ಆಚೆ ಹೋಗಿದ್ದಾಳೆ, ಹಿಂದೆ ಕಡಲೆಕಾಯಿಯವರು ನಗುತ್ತಿದ್ದಾರೆ. ಹಾಗಂತ ಒಂಬತ್ತು ಫೋಟೋ ಹಾಳಾಗಿದ್ದನ್ನು ಮರೆಯುವಷ್ಟು ಉದಾರಿ ನಾನಲ್ಲ. ಉಳಿದ ಐದು ಹೇಗೆ ಹೋದವು ಅಂದರೆ, ರೋಲು ಸರಿಯಾಗಿ ಕಚ್ಚಿರಲಿಲ್ಲ. ನನ್ನದೇ ತಪ್ಪು.

ಕೆಂಪುಚುಕ್ಕಿ:
ನೀವು ಯಾವುದು ಒಯ್ಯುತ್ತೀರಿ ಅಂತ ನನಗೆ ಗೊತ್ತಾಯಿತು.

ಗುಬ್ಬಚ್ಚಿ_ಗೂಡು:
ನನಗೂ. ಬೇಜಾರಾಯಿತು.

ಕೋಟೆಬಾಗಿಲು:
ಹಂಪಿಗೆ ಹೋದಾಗ ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕತ್ತಲೆ ಕೋಣೆ ಮರೆಯಬೇಡಿ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು, ಗೋಪುರದ ನೆರಳು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಲೆನ್ಸೂ ಇಲ್ಲ, ಫೋಕಸ್ಸೂ ಇಲ್ಲ, ಬ್ಯಾಟರಿಯೂ ಇಲ್ಲ. ಇಲ್ಲಿ ಜಗಳ ಆಡುತ್ತಿರುವ ಎಲ್ಲರೂ ಒಮ್ಮೆ ನೋಡಬೇಕು.

ಸಂಜೆಬಿಸಿಲು:
ಟೂರ್ ಮುಗಿಸಿ ಬಂದು ಎರಡು ವಾರ ಆಯಿತು. ಸ್ಕ್ಯಾನ್‌ಗಳು ನಿನ್ನೆ ಬಂದವು. ವರದಿ ಒಪ್ಪಿಸುತ್ತಿದ್ದೇನೆ.

ಒಂದೇ ಕ್ಯಾಮೆರಾ ಅಂದಿದ್ದೆ, ಮಾತು ಉಳಿಯಲಿಲ್ಲ. ಹೊರಡುವ ಹಿಂದಿನ ದಿನ ಗೆಳೆಯರು "ಟೂರ್ ಮುಗಿಸಿ ಬಂದು ಹೇಳಿ, ಆಗದಿದ್ದರೆ ವಾಪಸ್ ಕೊಡಿ" ಅಂತ ಮ್ಯೂ 2 ಅನ್ನು ಕೈಗೇ ಇಟ್ಟರು. ನನ್ನ ಕೊರಳಲ್ಲಿ ಕ್ಯಾನನೆಟ್. ಮ್ಯೂ ಅಮ್ಮನ ವ್ಯಾನಿಟಿ ಬ್ಯಾಗಿನಲ್ಲಿ, ಮಾತ್ರೆ ಡಬ್ಬಿಯ ಪಕ್ಕ.

ಬೀದರಿನಲ್ಲಿ ಬಿದ್ರಿ ಕೆಲಸದ ಹಿರಿಯರೊಬ್ಬರ ಎದುರು ಅರ್ಧ ಗಂಟೆ ಕೂತೆ. ಎಫ್ 1.7, ಮೂವತ್ತನೇ ಒಂದು. ಉಳಿಯ ನಿಂತ ಅಂಚಿಗೆ ಚೌಕ ಹಿಡಿದು ಫೋಕಸ್ ಮಾಡಿದೆ. ಎಂಟು ತೆಗೆದೆ, ಆರು ಬಂದಿವೆ. ಒಂದರಲ್ಲಿ ಹೆಬ್ಬೆರಳಿನ ಉಗುರಿನ ಕಪ್ಪು, ಬೆಳ್ಳಿ ತಂತಿಯ ತುದಿ, ಎರಡೂ ಎಣಿಸುವ ಹಾಗಿವೆ. ಮುಖ ಪೂರ್ತಿ ಮಸುಕು. ಷಟರಿನ ಸದ್ದು ಅವರಿಗೆ ಕೇಳಿಸಲೇ ಇಲ್ಲ ಅನಿಸುತ್ತದೆ, ತಲೆ ಎತ್ತಲಿಲ್ಲ.

ಕಲಬುರಗಿ ಮಸೀದಿಯಲ್ಲಿ ಕೈ ನಡುಗಿತು. ಅರ್ಧ ಹೋಯಿತು. ಕಂಬಕ್ಕೆ ಒರಗಿ ತೆಗೆದವು ಉಳಿದಿವೆ.

ಬಾದಾಮಿಯಲ್ಲಿ ಅಮ್ಮ ಮೆಟ್ಟಿಲು ಹತ್ತಲಿಲ್ಲ. "ನೀವು ಹೋಗಿ ಬನ್ನಿ" ಅಂತ ಕೆಳಗೆ ಕಟ್ಟೆ ಮೇಲೆ ಕೂತರು. ಮಂಗಗಳ ಕಾಟಕ್ಕೆ ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡಿದ್ದರಂತೆ. 578ರ ಶಾಸನ ಇರುವ ಮೂರನೇ ಗುಹೆಯಲ್ಲಿ ನಾನು ಒಂದು ಇಡೀ ರೋಲು ಮುಗಿಸಿದೆ. ಕೆಂಪು ಕಲ್ಲಿನ ಮೇಲೆ ಸಂಜೆ ಬೆಳಕು. ಚೆನ್ನಾಗಿಯೇ ಇವೆ. ಎಲ್ಲರೂ ತೆಗೆಯುವ ಹಾಗೆಯೇ ಇವೆ.

ಅಮ್ಮ ಕೆಳಗೆ ಸುಮ್ನೆ ಕೂತಿರಲಿಲ್ಲ. ಅದು ನನಗೆ ನಿನ್ನೆ ಸ್ಕ್ಯಾನ್ ತೆರೆದಾಗಲೇ ಗೊತ್ತಾಗಿದ್ದು. ನಾನೂ ಮಗಳೂ ಮೆಟ್ಟಿಲು ಇಳಿದು ಬರುವ ನಾಲ್ಕು ಫೋಟೋ. ಮಗಳು ನನ್ನ ಸೆರಗು ಎಳೆಯುತ್ತಿದ್ದಾಳೆ, ನಾನು ಬೈಯುತ್ತಿದ್ದೇನೆ. ಒಂದು ಮಂಗ ನಮ್ಮಿಬ್ಬರನ್ನೂ ನೋಡುತ್ತಿದೆ. ವಿಜಯಪುರದಲ್ಲಿ ನಾವು ಗೋಲ್ ಗುಂಬಜ್ ಮೇಲೆ ಪಿಸುಮಾತಿನ ಆಟ ಆಡುತ್ತಿದ್ದಾಗ ಕೆಳಗೆ ಅಮ್ಮ ಶಾಲಾ ಟೂರಿಗೆ ಬಂದ ಹುಡುಗಿಯರ ಇಡೀ ಸಾಲನ್ನು ತೆಗೆದಿದ್ದಾರೆ. ಹಂಪಿಯ ತೆಪ್ಪದಲ್ಲಿ ನಾನು ನೀರಿಗೆ ಹೆದರಿ ಕ್ಯಾನನೆಟ್ ಬ್ಯಾಗಿಗೆ ಹಾಕಿದ್ದೆ, ಅವರು ತೆಗೆಯುತ್ತಲೇ ಇದ್ದರು. ಅಮ್ಮ ಮೊದಲು ಮುಟ್ಟಿದ್ದ ಕ್ಯಾಮೆರಾ ನಮ್ಮ ಮನೆಯ ಕೊಡಾಕ್ ಕೆಬಿ 10 ಒಂದೇ.

ಎಲ್ಲದರಲ್ಲೂ ಫ್ಲ್ಯಾಶ್ ಬಿದ್ದಿದೆ, ಮಟಮಟ ಮಧ್ಯಾಹ್ನದ ಕೆಲವದರಲ್ಲಿ ಕೂಡ. ಏನೇನು ಒತ್ತಿದರೋ.

ನನ್ನ ನಾಲ್ಕು ರೋಲು, ಅವರ ಎರಡು. ಮನೆಯವರಿಗೆ ತೋರಿಸಿದಾಗ ಯಾರೂ ಗುಹೆಯ ಫೋಟೋ ಮುಂದೆ ನಿಲ್ಲಲಿಲ್ಲ. ಬಿದ್ರಿ ಕೈಯ ಫೋಟೋ ಅತ್ತೆ ನೋಡಿದರು, "ನಿನ್ನ ಮಾವ ಹೀಗೇ ತೆಗೆಯುತ್ತಿದ್ದ, ಮುಖ ಬಿಟ್ಟು" ಅಂದರು. ಹೊಗಳಿದ್ದೋ ಬೈದಿದ್ದೋ ತಿಳಿಯಲಿಲ್ಲ.

ಈಗ ಸಮಸ್ಯೆ ಬೇರೆ. ಮ್ಯೂ ವಾಪಸ್ ಕೊಡಬೇಕು. ಬೆಳಿಗ್ಗೆ ಅಮ್ಮ "ಆ ಸಣ್ಣ ಕ್ಯಾಮೆರಾ ಎಲ್ಲಿ?" ಅಂತ ಕೇಳಿದರು. ಗೆಳೆಯರು ಹದಿನಾರಕ್ಕೆ ಇಳಿದಿದ್ದಾರೆ. ಕೊಳ್ಳುವ ಮುಂಚೆ ಏನೇನು ನೋಡಬೇಕು?

ಗುಬ್ಬಚ್ಚಿ_ಗೂಡು:
ನಾನು ಮೊದಲೇ ಹೇಳಿದ್ದೆ ಅಂತ ಹೇಳುವುದಿಲ್ಲ. ಆದರೆ ಹೇಳಿದ್ದೆ.

ಹಳೇ_ನೆಗೆಟಿವ್:
ಎರಡು ರೋಲು ಬಂದಿದೆ ಅಂದರೆ ಅರ್ಧ ಪರೀಕ್ಷೆ ಆಗಿದೆ. ನೆಗೆಟಿವ್‌ನಲ್ಲಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಪ್ಪು ಪಟ್ಟೆ ಇದೆಯಾ ನೋಡಿ, ಇದ್ದರೆ ಹಿಂಬಾಗಿಲಿಂದ ಬೆಳಕು ಸೋರುತ್ತಿದೆ. ಬಾಗಿಲಿನ ಕೊಂಡಿ ಸಡಿಲ ಇರಬಾರದು. ಚಿಪ್ಪು ಹತ್ತು ಸಲ ತೆರೆದು ಮುಚ್ಚಿ, ಪ್ರತಿ ಸಲ ಲೆನ್ಸು ಒಂದೇ ಸದ್ದಿನಲ್ಲಿ ಹೊರಗೆ ಬರಬೇಕು. ಒಳಗಿನ ಎಲೆಕ್ಟ್ರಾನಿಕ್ಸ್ ಕೆಟ್ಟರೆ ರಿಪೇರಿ ಕಷ್ಟ, ಅದನ್ನು ಹೇಳಿ ಹದಿನಾಲ್ಕಕ್ಕೆ ಕೇಳಿ ನೋಡಿ.

ಸಿಆರ್ 123ಎ ಸೆಲ್ಲು ನಾಲ್ಕೈದು ತರಿಸಿಡಿ. ನಿಮ್ಮ ಅಮ್ಮ ಆ ಫ್ಲ್ಯಾಶ್ ಆಫ್ ಮಾಡುವವರಲ್ಲ.